ಪೈಪು ಮನಿಗೆ ಬಂದಾವ

ಚಳಿ ದೇಶಗಳಲ್ಲಿ ಹಿಮ ಬೀಳೋ ಮೊದಲು ಹುಲ್ಲುಹಾಸಿನ ಸ್ಪ್ರಿಂಕ್ಲರ್ ಪೈಪಿನ ನೀರನ್ನು ಕಂಪ್ರೆಸರ್‌ನಿಂದ ಊದಿ ತೆಗೀತಾರೆ. ನೀರು ಹೆಪ್ಪುಗಟ್ಟಿದ್ರೆ ಸುಮಾರು ಶೇ. 9ರಷ್ಟು ಹಿಗ್ಗಿ ಪೈಪು ಒಡೆಯುತ್ತೆ. ನಮ್ಮ ಚೌಡಾಪುರದಾಗ ಆ ಚಿಂತಿ ಇಲ್ಲ. ಇಲ್ಲಿ ಪೈಪಿನ ವೈರಿಗಳು ಬಿಸಿಲು, ಇಲಿ.

ಕಡ್ಲಿಗೆ ಕೊನೇ ನೀರು ಬಿಟ್ಟಮ್ಯಾಗ ನಾವು ತುದಿಯ ಮುಚ್ಚಳ ತೆಗೆದು ಮೋಟರ್ ಹಾಕ್ತೀವಿ, ಒಳಗಿನ ರಾಡಿ ಹೋಗಲಿ ಅಂತ. ರಬ್ಬರ್ ರಿಂಗ್ ಬಿಚ್ಚಿ ಡಬ್ಬಿಗೆ ಹಾಕ್ತೀವಿ. ನಾಜಲ್ ಕಟ್ಕೊಂಡ್ರೂ ತಂತಿ ಚುಚ್ಚಾಕ ಕಾಕಾ ಬಿಡಂಗಿಲ್ಲ. ತೂತು ದೊಡ್ಡದಾದ್ರ ಒತ್ತಡ ಇಳಿದು ನೀರು ಅಂಚಿನ ಸಾಲಿಗೆ ಮುಟ್ಟಲ್ಲ. (ಇದನ್ನೇ ನಾವು ಪರೀಕ್ಷೆಯಲ್ಲಿ ಎರಡು ಪುಟ ಬರೀತೀವಿ.)

ಈ ವರ್ಷ ಸಂಕ್ರಾಂತಿಗೇ ಬೋರು ನಿಂತಿತು. ತೊಳೆಯೋಕೂ ನೀರಿಲ್ಲ. ಪೈಪೆಲ್ಲಾ ಮನಿ ಸೇರ್ಯಾವ. ಕಾಯಿ ಕಟ್ಟೋ ಕಡ್ಲಿ ಇನ್ನೂ ಹೊಲದಾಗೇ ಅದ.