ಸೊಪ್ಪು ಸೋಸುವವರು ಯಾರು?

ನಮ್ಮೂರಿನ ಸಂತೆ ಮಂಗಳವಾರ. ಹಾಸನ ಜಿಲ್ಲೆಯ ಈ ಸಣ್ಣ ಊರಿಗೆ ಸುತ್ತಲ ಹಳ್ಳಿಯವರು ಬೆಳಗಿನ ಜಾವಕ್ಕೇ ಬಂದು ಗೋಣಿತಾಟು ಹಾಸಿ ಕೂರುತ್ತಾರೆ. ನಾನು ಹೋಗುವುದು ಸಂಜೆ, ಶಾಲೆಯ ಕೊನೆಯ ಗಂಟೆ ಹೊಡೆದ ಮೇಲೆ. ಚೀಲದ ಒಂದು ಕಡೆ ತಿದ್ದಬೇಕಾದ ನೋಟ್‌ಬುಕ್ಕುಗಳು, ಇನ್ನೊಂದು ಕಡೆ ಸೊಪ್ಪಿನ ಕಟ್ಟು. ಬೇರಿನ ಮಣ್ಣು ಪುಸ್ತಕಕ್ಕೆ ಮೆತ್ತಿ, ಮಾರನೆಯ ದಿನ ‘ಮಿಸ್, ನಿನ್ನೆ ಸಂತೆಗೆ ಹೋಗಿದ್ರಾ?’ ಎಂದು ಮಕ್ಕಳು ಕಿಸಕ್ಕೆಂದದ್ದೂ ಉಂಟು.

ಪಟ್ಟಿ ಬರೆದುಕೊಂಡು ಸಂತೆಗೆ ಹೋಗುವ ಅಭ್ಯಾಸ ನನಗಿಲ್ಲ. ಆ ದಿನ ಏನು ಅಡುಗೆ ಎಂಬುದನ್ನು ಸಂತೆಯೇ ಹೇಳುತ್ತದೆ. ಮಳೆ ಬಿದ್ದ ವಾರ ಹೊಲದ ಬದುವಿನ ಬೆರಕೆ ಸೊಪ್ಪು ಬರುತ್ತದೆ. ಅಣ್ಣೆ, ಗಣಿಕೆ, ಹೊನಗೊನ್ನೆ, ಕೀರೆ ಎಲ್ಲ ಒಂದೇ ಕಟ್ಟಿನಲ್ಲಿ. ಅಂದು ಮಸ್ಸೊಪ್ಪು. ದಂಟು ಎಳೆಯದು ಸಿಕ್ಕಿದರೆ ಬಸ್ಸಾರು. ಡಿಸೆಂಬರ್ ಬಂತೆಂದರೆ ಸೊಗಡಿನ ಅವರೆಕಾಯಿ. ಅದರ ವಾಸನೆ ಅಂಗಡಿಗಿಂತ ಮೊದಲೇ ಸಿಗುತ್ತದೆ. ಸೊಪ್ಪು ಮಾರುವ ಅಜ್ಜಿಯೊಬ್ಬರು ನನಗೆ ಹೇಳಿಕೊಟ್ಟ ಪರೀಕ್ಷೆ ಇದು: ‘ಮುರ್ದು ನೋಡಿ ಮೇಡಮ್ಮೋರೆ, ಲಟಕ್ ಅಂದ್ರೆ ಎಳೇದು, ನಾರೆಳೀತು ಅಂದ್ರೆ ಬಲ್ತದ್ದು.’ ನಾನು ಕೊಡುವ ಯಾವ ಪರೀಕ್ಷೆಯ ಫಲಿತಾಂಶವೂ ಇಷ್ಟು ಬೇಗ, ಇಷ್ಟು ಸರಿಯಾಗಿ ಬರುವುದಿಲ್ಲ.

ಬಸ್ಸಾರಿನ ಜಾಣತನವನ್ನೇ ನೋಡಿ. ತೊಗರಿಬೇಳೆ ಮುಕ್ಕಾಲು ಬೆಂದಾಗ ಹೆಚ್ಚಿದ ಸೊಪ್ಪು ಹಾಕಿ, ಬೇಳೆ ಕರಗುವ ಮೊದಲೇ ಇಳಿಸಿ, ಕಟ್ಟನ್ನು ಬಸಿದುಕೊಳ್ಳುತ್ತೇವೆ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ತೆಂಗಿನಕಾಯಿ, ಸಾರಿನ ಪುಡಿ, ಹುಣಸೆಹಣ್ಣು, ಜೊತೆಗೆ ಒಂದು ಹಿಡಿ ಬೆಂದ ಸೊಪ್ಪು-ಬೇಳೆ ರುಬ್ಬಿ ಆ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಸೊಪ್ಪು ಬೇಯಿಸಿದ ನೀರಿಗೆ ‘ಸಿ’ ಜೀವಸತ್ವ, ಫೋಲೇಟ್ ಮೊದಲಾದವು ಒಂದಷ್ಟು ಇಳಿಯುತ್ತವೆ, ಅದನ್ನು ಚೆಲ್ಲಬಾರದು ಎಂದು ಪುಸ್ತಕ ಹೇಳುತ್ತದೆ. ಪುಸ್ತಕ ಓದದ ನಮ್ಮ ಅಜ್ಜಿಯಂದಿರು ಅದನ್ನು ಸಾರು ಮಾಡಿ ಬಿಸಿ ಮುದ್ದೆಯ ಪಕ್ಕ ಬಡಿಸಿದರು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಮಾತು ಹೇಳಲೇಬೇಕು. ತಾಜಾ ಸೊಪ್ಪು ತರಕಾರಿ ತಿನ್ನಿ ಎಂದು ಉಪದೇಶ ಮಾಡುವವರಿಗೆ ಬರವಿಲ್ಲ. ಸೋಸುವವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಬಸ್ಸಾರು ಒಲೆಯ ಮೇಲಿರುವುದು ಮುಕ್ಕಾಲು ಗಂಟೆ. ನಾಲ್ಕು ಕಟ್ಟು ಬೆರಕೆ ಸೊಪ್ಪು ಬಿಡಿಸಿ, ಹುಲ್ಲು ಹುಳ ತೆಗೆದು, ಮೂರು ಸಲ ನೀರು ಬದಲಿಸಿ ತೊಳೆಯುವುದಕ್ಕೆ ಒಂದು ಗಂಟೆ. ಇನ್ನು ಅವರೆಕಾಯಿಯ ಕಥೆ ಹೇಳುವುದೇ ಬೇಡ. ಸುಲಿದು, ಕಾಳನ್ನು ರಾತ್ರಿಯೆಲ್ಲ ನೆನೆಹಾಕಿ, ಬೆಳಗ್ಗೆ ಒಂದೊಂದೇ ಕಾಳನ್ನು ಬೆರಳಲ್ಲಿ ಹಿತುಕಬೇಕು. ಹಿತುಕಿದ ಬೇಳೆ ಸಾರನ್ನು ಹೊಗಳದವರಿಲ್ಲ. ಉಗುರ ಸಂದಿಯ ನೋವು ಕಂಡವರು ಕಡಿಮೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ. ಅಡುಗೆಮನೆಯಲ್ಲಿ ಕೆಸರಾಗುವ ಕೈ ಒಬ್ಬಳದು, ಮೊಸರು ತಿನ್ನುವ ಬಾಯಿ ಮನೆಮಂದಿಯದು.

ನನ್ನ ತವರಿನಲ್ಲಿ ಅಜ್ಜಿ, ಅಮ್ಮ, ಚಿಕ್ಕಮ್ಮ, ಅತ್ತೆ ಎಲ್ಲರೂ ಜಗಲಿಯ ಮೇಲೆ ಮೊರದ ಸುತ್ತ ಕೂರುತ್ತಿದ್ದರು. ಹತ್ತು ಕೈಗಳ ಕೆಲಸ ಮಾತಿನಲ್ಲಿ ಕರಗಿಹೋಗುತ್ತಿತ್ತು. ಇಂದು ಅದೇ ಮೊರ ಎರಡೇ ಕೈಗಳ ಮುಂದಿದೆ, ಅದೂ ದುಡಿದು ಬಂದ ಕೈಗಳ ಮುಂದೆ. ನಮ್ಮ ಶಾಲೆಯ ಕಿರಿಯ ಶಿಕ್ಷಕಿಯೊಬ್ಬರು ಸೊಪ್ಪು ಕೊಳ್ಳುವುದೇ ಇಲ್ಲ. ಎಲೆಕೋಸು, ಆಲೂಗಡ್ಡೆಯಲ್ಲೇ ವಾರ ಕಳೆಯುತ್ತಾರೆ. ‘ಈಗಿನವರಿಗೆ ಸೋಮಾರಿತನ’ ಎಂದು ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಎರಡು ಬಸ್ಸು ಹತ್ತಿ ಇಳಿದು ಆರೂವರೆಗೆ ಮನೆ ಸೇರುವ ಹುಡುಗಿ ಸೋಮಾರಿಯಲ್ಲ. ಅಡುಗೆಮನೆಯಲ್ಲಿ ಒಂಟಿ, ಅಷ್ಟೆ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು ನಮ್ಮೂರ ಸಂತೆ ನಿಂತಿತು. ಹಳ್ಳಿಯ ರೈತನೊಬ್ಬ ಬೈಕಿನ ಹಿಂದೆ ಸೊಪ್ಪು ಕಟ್ಟಿಕೊಂಡು ನಮ್ಮ ಬೀದಿಗೆ ಬರುತ್ತಿದ್ದ. ಮಗನ ಬೆಂಗಳೂರಿನ ಆಫೀಸು ಲ್ಯಾಪ್‌ಟಾಪಿನೊಳಗೆ ಮನೆಗೇ ಬಂದಿತ್ತು. ನಮ್ಮವರೂ ಮನೆಯಲ್ಲೇ. ಒಂದು ದಿನ ಮೊರವನ್ನು ಇಬ್ಬರ ನಡುವೆ ಇಟ್ಟು, ‘ತಿನ್ನುವವರೆಲ್ಲ ಸೋಸಿ’ ಎಂದೆ. ಮಗ ನಕ್ಕ. ನಮ್ಮವರು ಕನ್ನಡಕ ಹಾಕಿಕೊಂಡು, ಕಡತ ನೋಡುವ ಹಾಗೆ ಒಂದೊಂದೇ ಎಲೆ ತಿರುವಿ ನೋಡತೊಡಗಿದರು. ಅರ್ಧ ಗಂಟೆಯಾದರೂ ಎರಡು ಕಟ್ಟು ಮುಗಿದಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ‘ಇದಕ್ಕೆ ಇಷ್ಟು ಹೊತ್ತು ಹಿಡಿಯುತ್ತೇನೇ?’ ಎಂದರು.

‘ಹೌದೂರಿ, ಮೂವತ್ತು ವರ್ಷದಿಂದ ಇಷ್ಟೇ ಹೊತ್ತು ಹಿಡೀತಾ ಇದೆ’ ಎಂದೆ.

ಅವರು ಉತ್ತರ ಕೊಡಲಿಲ್ಲ. ಮೂರನೆಯ ಕಟ್ಟನ್ನು ಬಿಚ್ಚಿದರು. ‘ಸಾರು ಚೆನ್ನಾಗಿದೆ’ ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅದಕ್ಕಿಂತ ಆ ಕಟ್ಟು ಬಿಚ್ಚಿದ ಸದ್ದೇ ನನಗೆ ಹಿತವಾಗಿ ಕೇಳಿಸಿತು.

ಸಂತೆ ಮತ್ತೆ ಶುರುವಾಯಿತು, ಮಗ ಬೆಂಗಳೂರಿಗೆ ಹೋದ. ಮೊರದ ಪದ್ಧತಿ ಮಾತ್ರ ಉಳಿದಿದೆ. ಮಂಗಳವಾರ ರಾತ್ರಿ ನಾನು ಪುಸ್ತಕ ತಿದ್ದುವಾಗ ನಮ್ಮವರು ವಾರ್ತೆ ನೋಡುತ್ತಾ ಸೊಪ್ಪು ಬಿಡಿಸುತ್ತಾರೆ. ಒಂದೊಂದು ವಾರ ಮರೆಯುತ್ತಾರೆ. ನಾನು ಜಗಳ ಕಾಯುವುದಿಲ್ಲ. ಬುಧವಾರ ಬರಿಯ ಮೆಣಸಿನ ಸಾರು ಬಡಿಸುತ್ತೇನೆ, ಅರ್ಥವಾಗುತ್ತದೆ.

ಸೋಸುವವರಿಲ್ಲ ಎಂದು ನಾವು ಕೊಳ್ಳದಿದ್ದರೆ, ಕೊಳ್ಳುವವರಿಲ್ಲ ಎಂದು ಬದುವಿನ ಸೊಪ್ಪನ್ನು ಕೀಳುವವರೂ ಇರುವುದಿಲ್ಲ. ಆಮೇಲೆ ಅಣ್ಣೆ, ಗಣಿಕೆ ಎಂಬ ಹೆಸರುಗಳು ನಮ್ಮ ಮೊಮ್ಮಕ್ಕಳಿಗೆ ನಿಘಂಟಿನಲ್ಲಿ ಸಿಕ್ಕಾವು. ಆ ರುಚಿಯನ್ನು ಉಳಿಸುವ ಹೊಣೆ ಹೆಂಗಸರೊಬ್ಬರದೇ ಆದರೆ ಅದು ಉಳಿಯಲಾರದು. ಮುಂದಿನ ಸಂತೆಯಲ್ಲಿ ಒಂದು ಕಟ್ಟು ಸೊಪ್ಪು ಹೆಚ್ಚಾಗಿಯೇ ತನ್ನಿ. ಮೊರವನ್ನು ಮಾತ್ರ ಅಡುಗೆಮನೆಯಲ್ಲಿಡಬೇಡಿ, ನಡುಮನೆಯಲ್ಲಿಡಿ.