ಲೇಹ್‌ನಲ್ಲಿ ಉಸಿರಿನ ಲೆಕ್ಕ

ದೆಹಲಿಯಿಂದ ಹೊರಟ ವಿಮಾನ ಹಿಮಾಲಯದ ಸಾಲುಗಳನ್ನು ದಾಟಿ, ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಇಳಿಯುತ್ತದೆ. ಸುತ್ತ ಬೋಳು ಬೆಟ್ಟಗಳು, ನಡುವೆ ಪಾಪ್ಲರ್ ಮರಗಳ ಹಸಿರು. ಗೆಸ್ಟ್‌ಹೌಸಿನ ಮೆಟ್ಟಿಲು ಹತ್ತುವಷ್ಟರಲ್ಲಿ ಅಣ್ಣನಿಗೂ ನನಗೂ ಏದುಸಿರು. ಮನೆಯೊಡತಿ ಆಮಾ-ಲೆ “ಜುಲೆ” ಎಂದು ಕೈಮುಗಿದು, ಚಹಾ ಕೊಟ್ಟು, ಹಿಂದಿಯಲ್ಲಿ ತಾಕೀತು ಮಾಡಿದರು: “ಎರಡು ದಿನ ಎಲ್ಲಿಗೂ ಹೋಗಬೇಡಿ.”

ಇಲ್ಲಿಯ ಗಾಳಿಯಲ್ಲೂ ಆಮ್ಲಜನಕದ ಪಾಲು ಶೇ 21ರಷ್ಟೇ. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರನೇ ಎರಡರಷ್ಟು ಮಾತ್ರ. ಈ ಕೊರತೆಯನ್ನು ಮೊದಲು ಪತ್ತೆಹಚ್ಚುವುದು ಕೆರೋಟಿಡ್ ಕಾಯಗಳು. ಕತ್ತಿನ ಎರಡೂ ಬದಿಯಲ್ಲಿ, ಧಮನಿ ಕವಲೊಡೆಯುವಲ್ಲಿ ಕುಳಿತ ಅವು ಅಕ್ಕಿಕಾಳಿನಷ್ಟು ಚಿಕ್ಕವು. ಉಸಿರಾಟದ ನಿಯಂತ್ರಣದಲ್ಲಿ ಇವುಗಳ ಪಾತ್ರವನ್ನು ತೋರಿಸಿದ ಬೆಲ್ಜಿಯಂನ ಹೇಮನ್ಸ್ ಅವರಿಗೆ 1938ರ ನೊಬೆಲ್ ಸಂದಿತು. ಆಮ್ಲಜನಕ ಇಳಿದರೆ ಅವು ಉಸಿರಾಟವನ್ನು ಚುರುಕುಗೊಳಿಸುತ್ತವೆ.

ತೊಡಕು ಶುರುವಾಗುವುದೇ ಅಲ್ಲಿ. ಹೆಚ್ಚು ಉಸಿರಾಡಿದಂತೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗುತ್ತದೆ. ರಕ್ತದ ನೀರಿನೊಡನೆ ಸೇರಿ ಆಮ್ಲವಾಗುವುದು ಅದೇ ಅನಿಲ. ಅದು ಕಡಿಮೆಯಾದರೆ ರಕ್ತ ಕ್ಷಾರದತ್ತ ವಾಲುತ್ತದೆ. ನಮ್ಮ ರಕ್ತದ ಪಿಎಚ್ 7.35ರಿಂದ 7.45ರೊಳಗೇ ಇರಬೇಕು. ಅದನ್ನು ಕಾಯುವ ಮಿದುಳುಕಾಂಡದ ಸಂವೇದಕಗಳು ಈಗ ಉಸಿರಿಗೆ ಕಡಿವಾಣ ಹಾಕುತ್ತವೆ. ಕತ್ತು ‘ಇನ್ನೂ ಬೇಕು’ ಎನ್ನುತ್ತದೆ, ಮಿದುಳು ‘ಸಾಕು’ ಎನ್ನುತ್ತದೆ!

ಆ ಜಗಳ ರಾತ್ರಿ ನನ್ನ ಕಿವಿಗೇ ಬಿತ್ತು. ನಿದ್ದೆಹೋಗಿದ್ದ ಅಣ್ಣನ ಉಸಿರು ಬರಬರುತ್ತಾ ಆಳವಾಯಿತು, ಮತ್ತೆ ತೆಳುವಾಯಿತು, ಆಮೇಲೆ ನಿಂತೇಹೋಯಿತು. ಗಾಬರಿಯಿಂದ ಎದ್ದು ಕೂತೆ. ಅಷ್ಟರಲ್ಲಿ ದೊಡ್ಡದೊಂದು ನಿಟ್ಟುಸಿರಿನೊಡನೆ ಮತ್ತೆ ಶುರು. ಉಸಿರು ನಿಂತ ಆ ಹೊತ್ತಿನಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತೆ ಕೂಡಿಕೊಂಡು, ಆಮ್ಲಜನಕ ಮತ್ತಷ್ಟು ಇಳಿದು, ಉಸಿರನ್ನು ಎಬ್ಬಿಸಿರುತ್ತವೆ. ಎತ್ತರದ ಊರುಗಳಲ್ಲಿ ಹೊಸಬರ ನಿದ್ದೆ ಹೀಗೆಯೇ.

ರಾಜಿ ಮಾಡಿಸುವುದು ಮೂತ್ರಪಿಂಡಗಳು. ಕ್ಷಾರಗುಣದ ಬೈಕಾರ್ಬನೇಟನ್ನು ಮೂತ್ರದಲ್ಲಿ ಹೊರಹಾಕಿ ರಕ್ತದ ಪಿಎಚ್ಅನ್ನು ಮೊದಲಿನ ಮಟ್ಟದತ್ತ ತರುತ್ತವೆ. ಆಗ ಕಡಿವಾಣ ಸಡಿಲವಾಗಿ ಉಸಿರು ನಿರಾತಂಕವಾಗಿ ಆಳವಾಗುತ್ತದೆ. ಶ್ವಾಸಕೋಶ ನಿಮಿಷಗಳಲ್ಲಿ ಮಾಡುವ ಕೆಲಸಕ್ಕೆ ಮೂತ್ರಪಿಂಡಕ್ಕೆ ದಿನಗಳು ಬೇಕು. ವೈದ್ಯರು ಬರೆದುಕೊಡುವ ಡೈಯಾಮಾಕ್ಸ್ ಮಾತ್ರೆ ಈ ಕೆಲಸವನ್ನೇ ಬೇಗ ಮಾಡಿಸುತ್ತದೆ.

ಈ ಹೊಂದಾಣಿಕೆ ಎಲ್ಲಿಯವರೆಗೆ ಹೋಗಬಲ್ಲದು? 2007ರಲ್ಲಿ ಎವರೆಸ್ಟ್ ಶಿಖರದಿಂದ ಇಳಿಯುತ್ತಿದ್ದ ಬ್ರಿಟನ್ನಿನ ವೈದ್ಯರ ತಂಡವೊಂದು 8,400 ಮೀಟರ್ ಎತ್ತರದಲ್ಲಿ, ಆ ಚಳಿಯಲ್ಲಿ ದಪ್ಪ ಉಡುಪು ಸಡಿಲಿಸಿ, ತಮ್ಮ ತೊಡೆಸಂದಿನ ಧಮನಿಯಿಂದಲೇ ರಕ್ತ ತೆಗೆಯಿತು. ಸಾಮಾನ್ಯವಾಗಿ 40 ಮಿಲಿಮೀಟರ್ ಪಾದರಸದಷ್ಟಿರುವ ಇಂಗಾಲದ ಡೈಆಕ್ಸೈಡ್ ಒತ್ತಡ ಸರಾಸರಿ 13.3ಕ್ಕೆ ಇಳಿದಿತ್ತು. ನೂರರ ಆಸುಪಾಸಿನಲ್ಲಿರಬೇಕಾದ ಆಮ್ಲಜನಕದ ಒತ್ತಡ ಬರೀ 24.6. ಅಂಥ ರಕ್ತ ಹೊತ್ತು ಅವರು ನಡೆಯುತ್ತಿದ್ದರು, ಯೋಚಿಸುತ್ತಿದ್ದರು!

ಆಮಾ-ಲೆಯ ಮಾತು ಕೇಳಿದ್ದಕ್ಕೇ ಮುಂದೆ ಸುಮಾರು 5,360 ಮೀಟರ್ ಎತ್ತರದ ಖರ್ದುಂಗ್ ಲಾ ಕಣಿವೆದಾರಿಯಲ್ಲಿ ತಲೆನೋವಿಲ್ಲದೆ ನಿಂತು ಕಾರಾಕೋರಂ ದಿಕ್ಕಿನ ಹಿಮದ ಸಾಲು ನೋಡಿದೆವು. ಲೇಹ್‌ಗೆ ಹೋಗುವವರಿಗೆ ನಾನೂ ಅದನ್ನೇ ಹೇಳುತ್ತೇನೆ: ಮೊದಲ ಎರಡು ದಿನ ಊರು ನೋಡುವ ಆತುರ ಬೇಡ. ಆ ದಿನಗಳಲ್ಲಿ ನಿಮ್ಮೊಳಗೆ ನಡೆಯುವುದೂ ಲಡಾಖ್‌ನಷ್ಟೇ ದೊಡ್ಡ ವಿಸ್ಮಯ.