ಎದ್ದು ಕುಂತ ಹಾಸುಗಲ್ಲು

ಬಾಡಗಂಡಿ,
ಬೀಳಗಿ ತಾಲೂಕು

ಪ್ರೀತಿಯ ಅಕ್ಕಾ,

ಗೆಳತಿಯ ಮನೆಗೆ ಬಂದು ನಾಲ್ಕು ದಿನವಾಯಿತು. ಬೆಳಗಾದರೆ ಬಿಸಿ ರೊಟ್ಟಿ, ಗುರೆಳ್ಳು ಚಟ್ನಿ. ಆಮೇಲೆ ಗುಡ್ಡದ ಕಡೆ ತಿರುಗಾಟ. ಡೆಹ್ರಾಡೂನಿನಲ್ಲಿ ನೆಲ ನಡುಗಿದಾಗಲೆಲ್ಲ ನೀನು ಫೋನಿನಲ್ಲಿ, ‘ನಿಮ್ಮದು ಗಟ್ಟಿ ನೆಲ, ನೀವು ಪುಣ್ಯವಂತರು’ ಅನ್ನುತ್ತೀಯಲ್ಲ, ಆ ಮಾತು ಇಲ್ಲಿ ಬಹಳ ನೆನಪಾಗುತ್ತಿದೆ.

ನಿನ್ನೆ ಗೆಳತಿಯ ಕಾಕಾ ಅನಗವಾಡಿ ಸೇತುವೆ ದಾಟಿಸಿ ಘಟಪ್ರಭೆಯ ಆಚೆಗಿನ ಗುಡ್ಡಗಳಿಗೆ ಕರೆದೊಯ್ದರು. ಬಾವಿ ತೋಡಿಸಿ ತೋಡಿಸಿ ಕಲ್ಲಿನ ಗುಣ ಬಲ್ಲವರು. “ಹಾಸಗಲ್ಲು ಅಂದ್ರ ಹಾಸಿಗಿ ಹಂಗ ಬಿದ್ದಿರಬೇಕ್ರಿ. ಇಲ್ಲಿ ನೋಡ್ರಿ, ಎದ್ದು ಕುಂತಾವು” ಅಂದರು. ಪದರ ಪದರವಾದ ಕಲ್ಲು ಓರೆಯಾಗಿ ಮೇಲೆದ್ದಿದೆ. ಒಂದು ಬಂಡೆಯ ಮೈಮೇಲೆ ನೀರಿನ ಅಲೆ ಬಿಟ್ಟ ಗೆರೆಗಳು, ಬೆರಳಾಡಿಸಿದೆ, ಎಣಿಸಬಹುದು! ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಆಳವಿಲ್ಲದ ಕಡಲಿತ್ತು. ಅದರ ಮರಳು, ಕೆಸರು ಗಟ್ಟಿಯಾಗಿ ಆದ ಈ ಕಲ್ಲಿಗೆ ಕಲಾದಗಿ ಶಿಲೆ ಎಂದೇ ಹೆಸರು, ನಾವು ದಾಳಿಂಬೆಗೆ ನೆನೆಯುವ ಅದೇ ಕಲಾದಗಿ. 1876ರಷ್ಟು ಹಿಂದೆಯೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಕಲ್ಲುಗಳ ಬಗ್ಗೆ ವಿವರವಾಗಿ ಬರೆದಿದ್ದಾನೆ.

ಬಾದಾಮಿ ಗುಹೆಯ ಗೋಡೆ ನೆನಪಿದೆಯೇ? ಅಲ್ಲಿ ಪದರಗಳು ಅಡ್ಡಡ್ಡ ಮಲಗಿವೆ. ಆ ಮರಳುಗಲ್ಲು ವಯಸ್ಸಿನಲ್ಲಿ ಇದಕ್ಕಿಂತ ಕಿರಿಯದು. ಅಂದರೆ ಅದು ಹುಟ್ಟುವ ಮೊದಲೇ ಈ ಹಳೆಯ ಕಲ್ಲು ಮಡಿಚಿಕೊಂಡಾಗಿತ್ತು. ನೆಲದಾಳದ ಒತ್ತಡ ಮಡಿಚಿತೋ, ಪದರಗಳು ತಮ್ಮ ಭಾರಕ್ಕೆ ತಾವೇ ಜಾರಿ ಸುಕ್ಕಾದವೋ, ಭೂವಿಜ್ಞಾನಿಗಳಲ್ಲಿ ಇನ್ನೂ ವಾದವಿದೆ.

ಉತ್ತರಕ್ಕೆ ಕೃಷ್ಣೆಯ ಕಡೆ ಹೋದರೆ ಜೋಳದ ಯರಿ ಹೊಲ. ಆ ಕರಿಮಣ್ಣಿಗೆ ತಾಯಿ, ಸುಮಾರು 6.6 ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ. ಆಗ ನಮ್ಮ ಭೂಫಲಕ ಇನ್ನೂ ದಕ್ಷಿಣದಲ್ಲಿ, ಈಗ ರಿಯೂನಿಯನ್ ದ್ವೀಪವಿರುವ ಕಾವಿನ ತಾಣದ ಮೇಲೆ ಹಾದುಹೋಗುತ್ತಿತ್ತು. ಅಲ್ಲಿಂದ ಬಡಗಣಕ್ಕೆ ಬಂದು ಏಷ್ಯಾಕ್ಕೆ ಬಡಿದು, ಅದರ ಅಡಿಗೆ ನುಗ್ಗುತ್ತಲೇ ನಿನ್ನ ಕಿಟಕಿಯಾಚೆಯ ಹಿಮಾಲಯವನ್ನು ಎತ್ತಿತು. ನೂಕು ಇನ್ನೂ ನಿಂತಿಲ್ಲ. ಫಲಕ ಸರಿಯುವುದು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್.

1993ರ ಸೆಪ್ಟೆಂಬರ್ 30ರ ನಸುಕು, ಗಣಪತಿ ಕಳಿಸಿ ಮಲಗಿದ್ದೆವು. ವಿಜಾಪುರದ ಮನೆಯಲ್ಲಿ ಮಾಡದ ಮೇಲಿನ ತಾಟು ಸಪ್ಪಳ ಮಾಡಿದವು, ಅಪ್ಪ ನಮ್ಮಿಬ್ಬರನ್ನೂ ಎತ್ತಿಕೊಂಡು ಅಂಗಳಕ್ಕೆ ಓಡಿದರು. ಆ ಭೂಕಂಪಕ್ಕೆ ಮಹಾರಾಷ್ಟ್ರದ ಕಿಲ್ಲಾರಿ ಸುತ್ತ ಸಾವಿರಾರು ಜನ ಮಲಗಿದಲ್ಲೇ ಹೋಗಿದ್ದರು. ಅಂಚಿನ ಆ ನೂಕು ಫಲಕದ ನಡುವಿನವರೆಗೂ ಮುಟ್ಟುತ್ತದೆ, ಎಲ್ಲೋ ಹಳೆಯ ಬಿರುಕೊಂದು ತಾಳದೆ ಸರಿಯುತ್ತದೆ. ಗಟ್ಟಿ ನೆಲ ಎಂಬುದು ಅರ್ಧ ನಿಜ, ಅಕ್ಕಾ. ಕಲ್ಲು ಮಣ್ಣಿನ ದಪ್ಪ ಗೋಡೆಯ ಈ ಮನೆಗಳನ್ನು ನೋಡಿದಾಗ ನನಗೆ ಅಂಜಿಕೆಯಾಗುತ್ತದೆ. ಕಿಲ್ಲಾರಿಯಲ್ಲಿ ಜನರ ಮೇಲೆ ಬಿದ್ದದ್ದೂ ಇಂಥ ಗೋಡೆಗಳೇ.

ಆ ರಾತ್ರಿಯಿಂದ ಈವರೆಗೆ ನಮ್ಮ ಅಂಗಳ, ಈ ಬಾಡಗಂಡಿ, ಆಲಮಟ್ಟಿ ಎಲ್ಲವೂ ಒಟ್ಟಾಗಿ ಒಂದೂವರೆ ಮೀಟರಿನಷ್ಟು ಈಶಾನ್ಯಕ್ಕೆ ಸರಿದಿವೆ.

ಅವ್ವನ ಹಿತ್ತಾಳೆ ತಾಟು ನಿನ್ನ ಹತ್ತಿರವೇ ಇವೆಯಲ್ಲ. ಮೊನ್ನೆ ಅಲ್ಲಿ ನೆಲ ನಡುಗಿದಾಗ ಅವೂ ಸಪ್ಪಳ ಮಾಡಿದವೇ? ಬರೆ.

ನಿನ್ನ ತಂಗಿ